ನೈಸರ್ಗಿಕ ಸಂಪನ್ಮೂಲ ಕಂಪನಿಗಳಲ್ಲಿ ಲಂಚ ಮತ್ತು ಭ್ರಷ್ಟಾಚಾರದ ಅಪಾಯ ನಿರ್ವಹಣೆ

ಗಣಿ, ಕಲ್ಲುಕ್ವಾರಿ, ನಾಟಾ, ತೋಟ, ತೈಲ, ಅನಿಲ ಮುಂತಾದ ನೆಲದ ಸಂಪತ್ತನ್ನು ತೆಗೆದು ಮಾರುವ ಕಂಪನಿಗಳಿಗೆ ಲಂಚದ ಸಂದರ್ಭಗಳು ಎಲ್ಲೆಲ್ಲಿ ಎದುರಾಗುತ್ತವೆ ಎಂದು ಮೊದಲೇ ಗುರುತಿಸಿ, ಅವನ್ನು ತಡೆಯುವ, ನಡೆದುಹೋದದ್ದನ್ನು ಪತ್ತೆಹಚ್ಚುವ, ಹೊಣೆಗಾರರನ್ನು ನಿಲ್ಲಿಸಿ ಕೇಳುವ ಏರ್ಪಾಡುಗಳೆಲ್ಲ ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಭಾರತದಲ್ಲಿ ಇದರ ಚರಿತ್ರೆಯನ್ನು ಹೇಳಹೊರಟರೆ ಎರಡು ಊರುಗಳನ್ನು ಬಿಟ್ಟು ಹೇಳಲಾಗುವುದಿಲ್ಲ. ಒಂದು ನೀಲಗಿರಿ ಜಿಲ್ಲೆಯ ಗೂಡಲೂರು, ಇನ್ನೊಂದು ಕರ್ನಾಟಕದ ಬಳ್ಳಾರಿ. ಗೂಡಲೂರಿನ ಕಾಡಿನ ಮರಗಳಿಗಾಗಿ ಸುಪ್ರೀಂ ಕೋರ್ಟಿಗೆ ಹೋದ ಒಂದು ಅರ್ಜಿಯಿಂದ ಹುಟ್ಟಿದ ಸಮಿತಿಯೇ ಮುಂದೆ ಬಳ್ಳಾರಿಯ ಗಣಿಗಳ ಗಡಿಯನ್ನು ಅಳೆಯಿತು. ಈ ಎರಡು ಪ್ರಕರಣಗಳು ಕಲಿಸುವ ಪಾಠ ಒಂದೇ: ನೀತಿಸಂಹಿತೆಯನ್ನು ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದರೆ ಲಂಚ ನಿಲ್ಲುವುದಿಲ್ಲ. ನೆಲದಿಂದ ಎದ್ದ ಪ್ರತಿ ಟನ್ನಿಗೆ, ಕಡಿದ ಪ್ರತಿ ಮರಕ್ಕೆ ಲೆಕ್ಕ ಹೊಂದಿಸಿದ ಕಡೆ ಮಾತ್ರ ಅದು ನಿಂತಿದೆ.

ಅಪಾಯ ಹುಟ್ಟುವ ಬಗೆ

ಬಟ್ಟೆ ಗಿರಣಿಯೋ ಸಾಫ್ಟ್‌ವೇರ್ ಕಂಪನಿಯೋ ತನ್ನ ಊರನ್ನು ತಾನೇ ಆರಿಸಿಕೊಳ್ಳಬಹುದು. ಒಂದು ಜಿಲ್ಲೆಯಲ್ಲಿ ಅಧಿಕಾರಿಗಳ ಕಾಟ ಹೆಚ್ಚಾದರೆ ಮತ್ತೊಂದಕ್ಕೆ ಹೋಗಬಹುದು. ಅದಿರು ಇರುವುದು ಅದಿರು ಇರುವ ಗುಡ್ಡದಲ್ಲಿ ಮಾತ್ರ. ಆ ಗುಡ್ಡ ಸರ್ಕಾರದ್ದು ಅಥವಾ ಸರ್ಕಾರದ ಅನುಮತಿಗೆ ಒಳಪಟ್ಟದ್ದು. ಗಣಿ ಗುತ್ತಿಗೆ, ಅರಣ್ಯ ತೀರುವಳಿ, ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಸ್ಫೋಟಕ ಪರವಾನಗಿ, ಸಾಗಣೆ ಪರ್ಮಿಟ್ಟು ಎಂದು ಬೆಟ್ಟದಿಂದ ಬಂದರಿನವರೆಗೆ ಸಹಿಗಳ ಸರಮಾಲೆ ಇರುತ್ತದೆ. ಕೋಟ್ಯಂತರ ರೂಪಾಯಿ ಯಂತ್ರಗಳನ್ನು ಇಳಿಸಿ ಕಾಯುತ್ತಿರುವ ಕಂಪನಿಗೆ ಒಂದೊಂದು ದಿನದ ತಡವೂ ನಷ್ಟ. ಸಹಿ ಹಾಕುವವನಿಗೂ ಇದು ಗೊತ್ತು.

ಇದಕ್ಕಿಂತ ದೊಡ್ಡ ಕಾರಣ ಬೆಲೆಯ ಅಂತರ. 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿನ ರಾಜಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ ಇತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆ ಏರಿದಾಗ ಅದೇ ಟನ್ನು ಹೊರದೇಶದ ಮಾರುಕಟ್ಟೆಯಲ್ಲಿ ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. ಸರ್ಕಾರದ ಪಾಲಿಗೂ ಮಾರುಕಟ್ಟೆಯ ಬೆಲೆಗೂ ನಡುವೆ ಇಷ್ಟು ದೊಡ್ಡ ಕಂದಕವಿದ್ದರೆ ಆ ಹಣದಲ್ಲಿ ಯಾರನ್ನು ಬೇಕಾದರೂ ಕೊಳ್ಳಬಹುದು. ಲಂಚವನ್ನು ವ್ಯಕ್ತಿಗಳ ದುರಾಸೆಯಿಂದ ಮಾತ್ರ ವಿವರಿಸುವ ವಾದಗಳು ಈ ಅಂಕಿಯ ಮುಂದೆ ಸಪ್ಪೆಯಾಗುತ್ತವೆ. 2009ರ ಆ ಆಗಸ್ಟ್‌ನಲ್ಲಿ ರಾಜಧನವನ್ನು ಬೆಲೆಯ ಶೇ 10ಕ್ಕೆ ಬದಲಾಯಿಸಲಾಯಿತು. 2014ರಲ್ಲಿ ಅದು ಶೇ 15 ಆಯಿತು. ಆಗ ಅಪಾಯವೂ ಜಾಗ ಬದಲಿಸಿತು. ರಾಜಧನ ಬೆಲೆಯ ಮೇಲೆ, ಬೆಲೆ ಅದಿರಿನ ದರ್ಜೆಯ ಮೇಲೆ ನಿಂತಾಗ ಹೆಚ್ಚು ಕಬ್ಬಿಣಾಂಶದ ಅದಿರನ್ನು ಕಡಿಮೆ ದರ್ಜೆಯದೆಂದು ತೋರಿಸುವುದು ಲಾಭದಾಯಕ. ತೂಕದ ಕಟ್ಟೆಯಲ್ಲಿದ್ದ ಆಮಿಷ ಹೀಗೆ ಮಾದರಿ ತೆಗೆಯುವವನ ಚೀಲಕ್ಕೂ ಪ್ರಯೋಗಾಲಯದ ಮೇಜಿಗೂ ಹೋಯಿತು.

ಇದು ನಮ್ಮ ದೇಶದ್ದಷ್ಟೇ ಕಥೆಯಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2014ರಲ್ಲಿ ಪ್ರಕಟಿಸಿದ ವರದಿ ವಿದೇಶಿ ಅಧಿಕಾರಿಗಳಿಗೆ ಲಂಚ ಕೊಟ್ಟ 427 ಪ್ರಕರಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ 19 ಗಣಿ ಮತ್ತು ತೈಲ ವಲಯದವು. ಬೇರೆ ಯಾವ ವಲಯವೂ ಇಷ್ಟು ಪಾಲು ಹೊಂದಿರಲಿಲ್ಲ. ನಾಲ್ಕರಲ್ಲಿ ಮೂರು ಪ್ರಕರಣಗಳಲ್ಲಿ ಹಣ ಮಧ್ಯವರ್ತಿಯ ಕೈಯಿಂದ ಹೋಗಿತ್ತು. 2022ರಲ್ಲಿ ಸ್ವಿಟ್ಜರ್‌ಲೆಂಡ್ ಮೂಲದ ಗ್ಲೆನ್‌ಕೋರ್ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಲಂಚ ಕೊಟ್ಟಿದ್ದನ್ನು ಒಪ್ಪಿಕೊಂಡಿತು. ಗಿನಿ ದೇಶದ ಸಿಮಂಡೌ ಕಬ್ಬಿಣದ ಗುಡ್ಡಕ್ಕಾಗಿ ರಿಯೊ ಟಿಂಟೊ ಒಬ್ಬ ಸಲಹೆಗಾರನಿಗೆ ಕೊಟ್ಟ 1.05 ಕೋಟಿ ಡಾಲರ್, 2023ರಲ್ಲಿ ಅಮೆರಿಕದ ಷೇರು ನಿಯಂತ್ರಕರ ಮುಂದೆ 1.5 ಕೋಟಿ ಡಾಲರ್ ದಂಡದಲ್ಲಿ ಮುಗಿಯಿತು.

ನೀಲಗಿರಿ: ಮರ, ಜನ್ಮಂ ಭೂಮಿ, ಚಹಾ

ಉದಕಮಂಡಲದ ಪಶ್ಚಿಮಕ್ಕೆ ಇಳಿಯುವ ಗೂಡಲೂರು, ದೇವಾಲ, ಪಂದಲೂರು ಸೀಮೆಗೆ ಸಂಪನ್ಮೂಲ ಕಂಪನಿಗಳ ಅನುಭವ ಹಳೆಯದು. 1879ರ ಆಸುಪಾಸಿನಲ್ಲಿ ಬ್ರಿಟಿಷ್ ಸರ್ಕಾರ ಆಸ್ಟ್ರೇಲಿಯದ ಗಣಿ ತಜ್ಞ ಬ್ರೋ ಸ್ಮಿತ್‌ನನ್ನು ಕರೆಸಿ ಇಲ್ಲಿನ ಚಿನ್ನದ ಬಗ್ಗೆ ವರದಿ ಬರೆಸಿತು. ವರದಿಯ ಬೆನ್ನಿಗೆ ಲಂಡನ್ನಿನಲ್ಲಿ ಸಾಲುಸಾಲಾಗಿ ಕಂಪನಿಗಳು ಹುಟ್ಟಿಕೊಂಡವು. ಸೊರಗಿದ ಕಾಫಿ ತೋಟಗಳು ಚಿನ್ನದ ಭೂಮಿಯೆಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಕೈಬದಲಾದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ಕುಸಿದು ಷೇರುದಾರರ ಹಣ ಮುಳುಗಿತು. ನೆಲದಡಿ ಏನಿದೆ ಎಂದು ಹೇಳುವವನ ಮಾತಿಗೆ ಸ್ವತಂತ್ರ ಪರಿಶೀಲನೆ ಇಲ್ಲದಿದ್ದರೆ ಹೂಡಿಕೆದಾರನ ಗತಿ ಏನಾಗುತ್ತದೆಂಬುದಕ್ಕೆ ದಕ್ಷಿಣ ಭಾರತದಲ್ಲಿ ಇದಕ್ಕಿಂತ ಹಳೆಯ ದೊಡ್ಡ ನಿದರ್ಶನ ಸಿಗುವುದು ಕಷ್ಟ.

ಇಂದಿಗೂ ಆರದ ಗಾಯ ಭೂಮಿಯ ಹಕ್ಕಿನದು. ನಿಲಂಬೂರು ಕೋವಿಲಕಂ ಮನೆತನದ ಜನ್ಮಂ (ವಂಶಪಾರಂಪರ್ಯ ಒಡೆತನದ) ಹಿಡುವಳಿಗಳನ್ನು ವಶಪಡಿಸಿಕೊಳ್ಳಲು ತಮಿಳುನಾಡು ಸರ್ಕಾರ 1969ರಲ್ಲಿ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾಯಿದೆ ಮಾಡಿತು. ಅದರ ಒಂದು ಭಾಗವನ್ನು 1972ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 1974ರಲ್ಲಿ ಸಂಸತ್ತು ಕಾಯಿದೆಯನ್ನು ಕೋರ್ಟಿನ ಪ್ರಶ್ನೆಯಿಂದ ಕಾಪಾಡಲು ಸಂವಿಧಾನದ ಒಂಬತ್ತನೆಯ ಅನುಸೂಚಿಗೆ ಸೇರಿಸಿತು. ಆ ಸೇರ್ಪಡೆಯ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೂ ಬೆಳೆದು 2007ರ ಜನವರಿ 11ರಂದು ಐ.ಆರ್. ಕೊಯೆಲ್ಹೊ ತೀರ್ಪಾಯಿತು. ಸಂವಿಧಾನದ ವಿದ್ಯಾರ್ಥಿಗಳಿಗೆ ಈ ತೀರ್ಪು ಮೂಲರಚನೆಯ ಸಿದ್ಧಾಂತಕ್ಕಾಗಿ ಮುಖ್ಯ. ನಮ್ಮ ವಿಷಯಕ್ಕೆ ಅದರ ಹಿನ್ನೆಲೆ ಮುಖ್ಯ: ಭೂಮಿ ಯಾರದೆಂದು ದಶಕಗಟ್ಟಲೆ ತೀರ್ಮಾನವಾಗದ ಕಡೆ ತೋಟದ ಕಂಪನಿ, ಗುತ್ತಿಗೆದಾರ, ಬಡ ರೈತ ಎಲ್ಲರೂ ಕಚೇರಿಯ ಕೃಪೆಯಲ್ಲೇ ಬದುಕಬೇಕಾಗುತ್ತದೆ. ಹಕ್ಕು ಇಲ್ಲದಲ್ಲಿ ಕೃಪೆಗೆ ಬೆಲೆ ಕಟ್ಟುವುದು ಸುಲಭ.

ಇದೇ ನೆಲದ ಮರ ಕಡಿತದ ವಿರುದ್ಧ ನಿಲಂಬೂರು ಮನೆತನದ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶ ದೇಶದ ಅರಣ್ಯ ಆಡಳಿತವನ್ನೇ ಬದಲಿಸಿತು. ಯಾರ ಒಡೆತನದಲ್ಲಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡು ಎನಿಸಿದ್ದೆಲ್ಲ ಅರಣ್ಯ, ಕೇಂದ್ರದ ಅನುಮತಿಯಿಲ್ಲದೆ ಅಲ್ಲಿ ಗಣಿಯಾಗಲಿ ಗರಗಸದ ಕಾರ್ಖಾನೆಯಾಗಲಿ ನಡೆಯಕೂಡದು ಎಂದಿತು. ಆ ಆದೇಶದಲ್ಲಿ ತಮಿಳುನಾಡಿಗೆಂದೇ ಬರೆದ ಭಾಗವನ್ನು ಹತ್ತಿರದಿಂದ ನೋಡಬೇಕು. ಚಹಾ, ಕಾಫಿ, ಏಲಕ್ಕಿ ತೋಟಗಳಲ್ಲಿ ನೆರಳಿನ ಮರ ಕಡಿಯಬಹುದು, ಆದರೆ ನೆಟ್ಟ ಮರವನ್ನು ಮಾತ್ರ, ತಾನಾಗಿ ಬೆಳೆದದ್ದನ್ನಲ್ಲ. ಅದೂ ಸರ್ಕಾರಿ ಚಹಾ ನಿಗಮವಾದ ಟ್ಯಾನ್‌ಟೀಯ ವರದಿ ಗುರುತಿಸಿದ ಜಾತಿಗಳನ್ನು ಮಾತ್ರ, ರಾಜ್ಯ ಸರ್ಕಾರ ನೇಮಿಸಿದ ಶಾಸನಬದ್ಧ ಸಮಿತಿಯ ಮೇಲುಸ್ತುವಾರಿಯಲ್ಲಿ ಕಡಿಯಬೇಕು.

ಈ ಷರತ್ತನ್ನು ಬೆಟ್ಟದ ಮೇಲೆ ಜಾರಿಗೆ ತರುವ ಗಳಿಗೆಯನ್ನು ಕಲ್ಪಿಸಿಕೊಳ್ಳಿ. ತೋಟದ ಅಂಚಿನಲ್ಲಿ ಐವತ್ತು ವರ್ಷದ ಮರವೊಂದಿದೆ. ಅದನ್ನು ಯಾರೋ ನೆಟ್ಟರೋ, ಹಕ್ಕಿ ಉದುರಿಸಿದ ಬೀಜದಿಂದ ಎದ್ದಿತೋ? ಬುಡಕ್ಕೆ ಹೋಗಿ ನಿಂತ ಸಿಬ್ಬಂದಿಯ ವರದಿಯ ಒಂದು ಸಾಲು ಅದನ್ನು ತೀರ್ಮಾನಿಸುತ್ತದೆ. ಬೀಟೆ ಅಥವಾ ಇನ್ನಾವುದೋ ಬೆಲೆಬಾಳುವ ಜಾತಿಯ ಮರವಾದರೆ ಆ ಸಾಲಿನ ಬೆಲೆ ಅವನ ವರ್ಷದ ಸಂಬಳಕ್ಕಿಂತ ಹೆಚ್ಚಾಗಬಹುದು. ನಂತರ ಮರಕ್ಕೆ ಸಂಖ್ಯೆ, ಸುತ್ತಳತೆ, ಕಡಿದ ದಿಮ್ಮಿಗೆ ಸುತ್ತಿಗೆ ಗುರುತು, ಲಾರಿಗೆ ಸಾಗಣೆ ಪಾಸು, ಇಳಿಯುವ ದಾರಿಯಲ್ಲಿ ಚೆಕ್‌ಪೋಸ್ಟು. ಗುಡ್ಡಗಾಡು ಪ್ರದೇಶದ ಮರಗಳ ರಕ್ಷಣೆಗೆ ತಮಿಳುನಾಡಿನಲ್ಲಿ 1955ರಿಂದಲೂ ಪ್ರತ್ಯೇಕ ಕಾಯಿದೆ ಇದೆ. ಕಾನೂನಿನ ಕೊರತೆ ಇಲ್ಲಿಲ್ಲ. ಪ್ರತಿ ಮರಕ್ಕೂ ಛಾಯಾಚಿತ್ರ, ಸ್ಥಳದ ಅಕ್ಷಾಂಶ-ರೇಖಾಂಶ, ಎರಡನೆಯ ಅಧಿಕಾರಿಯಿಂದ ಮರುಪರಿಶೀಲನೆ ಇರಬೇಕೆಂದು ತೋಟದ ಕಂಪನಿಯೇ ತನ್ನ ನಿಯಮ ಮಾಡಿಕೊಂಡರೆ ಅವಳಿ ಲಾಭವಿದೆ. ಅಧಿಕಾರಿಯ ಒಂಟಿ ಸಾಲಿನ ತೂಕ ಇಳಿಯುತ್ತದೆ, ತನ್ನದೇ ಮ್ಯಾನೇಜರ್ ಕದ್ದು ಮಾರುವ ದಾರಿಯೂ ಮುಚ್ಚುತ್ತದೆ.

ಚಹಾದಲ್ಲಿ ಅಪಾಯ ಚಿಕ್ಕದಾಗಿ ಕಾಣುತ್ತದೆ, ಆದರೆ ಬಡವರನ್ನು ತಟ್ಟುತ್ತದೆ. ಇತ್ತಲಾರ್‌ನಂಥ ಬಡಗರ ಹಟ್ಟಿಗಳ ಸುತ್ತಲ ಇಳಿಜಾರುಗಳಲ್ಲಿ ಸಣ್ಣ ಬೆಳೆಗಾರರೇ ಹೆಚ್ಚು. ಕೊಯ್ದ ಹಸಿರೆಲೆಯನ್ನು ಅವರು ಸಹಕಾರಿ ಕಾರ್ಖಾನೆಗೋ ಖಾಸಗಿ ಕಾರ್ಖಾನೆಗೋ ಕೊಡಬೇಕು. 2003ರ ಚಹಾ ಮಾರುಕಟ್ಟೆ ನಿಯಂತ್ರಣ ಆದೇಶದ ಮೇರೆಗೆ ಕಾರ್ಖಾನೆ ಎಲೆಗೆ ಕೊಡುವ ಬೆಲೆಯನ್ನು ಚಹಾಪುಡಿಯ ಮಾರಾಟ ಬೆಲೆಗೆ ಹೊಂದಿಸುವ ಸೂತ್ರವಿದೆ. ಹಾಗಾಗಿ ಎಲೆಯ ತೂಕ, ತೇವದ ಹೆಸರಿನ ಕಡಿತ, ಎಲೆಯ ದರ್ಜೆ, ತೋರಿಸುವ ಮಾರಾಟ ಬೆಲೆ, ಈ ನಾಲ್ಕರಲ್ಲಿ ಯಾವುದನ್ನು ತಿರುಚಿದರೂ ನಷ್ಟ ಬೆಳೆಗಾರನದೇ. ಇಲ್ಲಿ ಸರ್ಕಾರಿ ಅಧಿಕಾರಿಯೇ ಇರಬೇಕೆಂದಿಲ್ಲ. ತೂಕ ಮಾಡುವ ನೌಕರನಿಗೆ ಏಜೆಂಟ್ ಕೊಡುವ ಕೈಕಾಣಿಕೆಯೂ ಭ್ರಷ್ಟಾಚಾರವೇ. ಖಾಸಗಿ ವ್ಯಕ್ತಿಗಳ ನಡುವಿನ ಲಂಚವನ್ನು ಅಪರಾಧವೆಂದು ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಕಂಪನಿಗಳ ಆಂತರಿಕ ನಿಯಮವೇ ಆ ಕೆಲಸ ಮಾಡಬೇಕು.

ಬಳ್ಳಾರಿಯ ಅದಿರು

ಕರ್ನಾಟಕದಲ್ಲಿ ಗೋದಾವರ್ಮನ್ ಪ್ರಕರಣದ ಮೊದಲ ದೊಡ್ಡ ಫಲ ಕುದುರೆಮುಖ. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅದೇ ಪ್ರಕರಣದಡಿ ಸಲ್ಲಿಸಿದ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ತೀರ್ಪು ಬಂದು, 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಅದೇ ಹೊತ್ತಿಗೆ ಬಳ್ಳಾರಿ, ಹೊಸಪೇಟೆ, ಸಂಡೂರಿನ ಗುಡ್ಡಗಳಲ್ಲಿ ಕೆಂಪು ಧೂಳು ಏಳತೊಡಗಿತ್ತು.

2007ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಈ ಗಣಿಗಾರಿಕೆಯ ತನಿಖೆಯನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರ್ 18ರಂದು ಮೊದಲ ವರದಿ ಕೊಟ್ಟರು, 2011ರ ಜುಲೈ 27ರಂದು ಎರಡನೆಯದು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ಟು, ಚೆಕ್‌ಪೋಸ್ಟು ದಾಖಲೆ, ಬಂದರಿನ ಪುಸ್ತಕ, ಬ್ಯಾಂಕ್ ಖಾತೆಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿತ್ತು. ಅಪಾಯ ನಿರ್ವಹಣೆ ಓದುವವರಿಗೆ ಈ ವರದಿಗಳಿಗಿಂತ ಒಳ್ಳೆಯ ಪಠ್ಯ ನಮ್ಮಲ್ಲಿಲ್ಲ. 2006ರಿಂದ 2010ರ ನಡುವೆ ಪರ್ಮಿಟ್ಟಿನ ಲೆಕ್ಕಕ್ಕೆ ಬಾರದೆ ರಫ್ತಾದ ಅದಿರು ಸುಮಾರು 2.98 ಕೋಟಿ ಟನ್ ಎಂದು ಎರಡನೆಯ ವರದಿ ಹೇಳಿತು. ಬೊಕ್ಕಸಕ್ಕಾದ ನಷ್ಟವನ್ನು 16,000 ಕೋಟಿ ರೂಪಾಯಿಗೂ ಮೇಲೆಂದು ಅಂದಾಜಿಸಿತು. ವರದಿ ಹೊರಬಿದ್ದ ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಒಂದು ಲಾರಿ ಸಂಡೂರಿನಿಂದ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿಗೆ ಹೋಗುವುದನ್ನು ಹಿಂಬಾಲಿಸಿದರೆ ವ್ಯವಸ್ಥೆ ಕಣ್ಣಿಗೆ ಕಟ್ಟುತ್ತದೆ. ಗಣಿಯ ಬಾಯಲ್ಲಿ ಗುತ್ತಿಗೆಯ ಯಜಮಾನ ಇರುವುದಿಲ್ಲ, ಅದಿರು ಎತ್ತುವ ಒಪ್ಪಂದ ಹಿಡಿದ ಇನ್ನೊಬ್ಬನಿರುತ್ತಾನೆ. ಸರ್ಕಾರದ ಅನುಮತಿಯಿಲ್ಲದೆ ಗುತ್ತಿಗೆಯನ್ನು ಬೇರೆಯವರಿಗೆ ವಹಿಸಬಾರದೆಂದು 1960ರ ಖನಿಜ ರಿಯಾಯಿತಿ ನಿಯಮಗಳ 37ನೆಯ ನಿಯಮ ಹೇಳುತ್ತಿತ್ತು. ಕಾಗದದ ಮೇಲೆ ಗುತ್ತಿಗೆ ಕೈಬದಲಾಗದ ಹಾಗೆ ನೋಡಿಕೊಂಡು ಗಣಿಯನ್ನೇ ಬಿಟ್ಟುಕೊಡುವ ದಾರಿಯಾಗಿ ಈ ಒಪ್ಪಂದಗಳು ಬಳಕೆಯಾದವು. ಲಾರಿಗೆ ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ತುಂಬಲಾಗುತ್ತದೆ. ಒಂದೇ ಪರ್ಮಿಟ್ಟು ಮತ್ತೆ ಓಡುತ್ತದೆ, ಕೆಲವೊಮ್ಮೆ ಪರ್ಮಿಟ್ಟೇ ಇರುವುದಿಲ್ಲ. ದಾರಿಯುದ್ದಕ್ಕೂ ಪೊಲೀಸ್, ಸಾರಿಗೆ, ಅರಣ್ಯ, ಗಣಿ, ವಾಣಿಜ್ಯ ತೆರಿಗೆಯವರ ತಪಾಸಣೆ ಇದೆ. ವರದಿ ‘ಜೀರೋ ರಿಸ್ಕ್’ ಎಂಬ ಏರ್ಪಾಡನ್ನು ವಿವರಿಸುತ್ತದೆ: ಅದಿರಿನ ವ್ಯಾಪಾರಿ ಒಂದು ಗುಂಪಿಗೆ ಒಟ್ಟು ಮೊತ್ತ ಕೊಟ್ಟುಬಿಟ್ಟರೆ ಗಣಿಯಿಂದ ಬಂದರಿನವರೆಗೆ ಯಾರೂ ಲಾರಿಯನ್ನು ತಡೆಯುವುದಿಲ್ಲ. ಪ್ರತಿ ಕಚೇರಿಗೂ ಬೇರೆಬೇರೆಯಾಗಿ ಕೊಡುತ್ತಿದ್ದ ಮಾಮೂಲು ಹೀಗೆ ಸಗಟು ವ್ಯಾಪಾರವಾಯಿತು. ಬಂದರಿನಲ್ಲಿ ಸರಕು ನಿರ್ವಹಿಸುತ್ತಿದ್ದ ಒಂದು ಕಂಪನಿಯ ಕಚೇರಿಯಿಂದ ವಶಪಡಿಸಿಕೊಂಡ ದಾಖಲೆಗಳಲ್ಲಿ ಬಂದರು, ಕಸ್ಟಮ್ಸ್, ಪೊಲೀಸ್ ಮುಂತಾದ ಕಚೇರಿಗಳಿಗೆ ಹಣ ಹೋದ ವಿವರವಿದೆಯೆಂದು ಎರಡನೆಯ ವರದಿ ಹೇಳಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು.

2010ರಲ್ಲಿ ಅರಣ್ಯ ಇಲಾಖೆ ಬೇಲೆಕೇರಿಯಲ್ಲಿ ಲಕ್ಷಾಂತರ ಟನ್ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಅದಿರೇ ಬಂದರಿನಿಂದ ಹಡಗು ಏರಿ ಹೋಯಿತು. ಜಪ್ತಿ ಮಾಡಿದ ಅಧಿಕಾರಿ ಆರ್. ಗೋಕುಲ್ ಅಮಾನತಾದರು. ಅದನ್ನು ವಿರೋಧಿಸಿ ಸಂತೋಷ್ ಹೆಗ್ಡೆ ಆ ವರ್ಷದ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹಿಂಪಡೆದರು. ಈ ಅದಿರಿನ ಪ್ರಕರಣಗಳಲ್ಲಿ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತು ಬಂದರಿನ ಅಂದಿನ ಅಧಿಕಾರಿ ಸೇರಿ ಹಲವರಿಗೆ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟ್ ಸೈಲ್ ಅವರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಆಂಧ್ರದ ಗಡಿಯಲ್ಲಿದ್ದ ಓಬಳಾಪುರಂ ಗಣಿ ಕಂಪನಿಯ ಪ್ರಕರಣದಲ್ಲಿ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಕರ್ನಾಟಕದ ಮಾಜಿ ಸಚಿವ ಜಿ. ಜನಾರ್ದನ ರೆಡ್ಡಿ ಮತ್ತು ಆಂಧ್ರದ ಗಣಿ ಇಲಾಖೆಯ ಮಾಜಿ ನಿರ್ದೇಶಕರೂ ಸೇರಿದಂತೆ ಕೆಲವರಿಗೆ ಏಳು ವರ್ಷದ ಶಿಕ್ಷೆ ಕೊಟ್ಟಿತು. ಆ ಶಿಕ್ಷೆಯನ್ನೂ ತೆಲಂಗಾಣ ಹೈಕೋರ್ಟ್ ಮೇಲ್ಮನವಿಯ ಹಂತದಲ್ಲಿ ತಡೆಹಿಡಿಯಿತು. ಆ ಗಡಿಯಲ್ಲಿ ಎರಡು ರಾಜ್ಯಗಳ ಗುರುತುಕಲ್ಲುಗಳೇ ಅಳಿಸಿಹೋಗಿದ್ದವು. ಹೆಗ್ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನು 2006ರಲ್ಲಿ ಉರುಳಿಸಲಾಗಿತ್ತು.

ಕೋರ್ಟ್ ಕಟ್ಟಿದ ವ್ಯವಸ್ಥೆ

ಧಾರವಾಡದ ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿನ ಕದ ತಟ್ಟಿತು. ಗೋದಾವರ್ಮನ್ ಪ್ರಕರಣದಲ್ಲಿ 2002ರಲ್ಲಿ ರಚನೆಯಾಗಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿಯನ್ನೇ ಕೋರ್ಟು ಬಳ್ಳಾರಿಗೆ ಕಳಿಸಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಂತಿತು. ಜಂಟಿ ತಂಡ ಪ್ರತಿ ಗುತ್ತಿಗೆಯ ಗಡಿಯನ್ನು ಅಳೆಯಿತು. ಒತ್ತುವರಿ ಇಲ್ಲದವು ಅಥವಾ ಅಲ್ಪವಾಗಿದ್ದವು ‘ಎ’ ವರ್ಗ. ಗುಂಡಿಯ ಒತ್ತುವರಿ ಶೇ 10ರೊಳಗೆ, ಮಣ್ಣು ಸುರಿದ ಒತ್ತುವರಿ ಶೇ 15ರೊಳಗೆ ಇದ್ದವು ‘ಬಿ’. ಅದನ್ನು ಮೀರಿದವು ‘ಸಿ’. 2013ರ ಏಪ್ರಿಲ್ 18ರ ತೀರ್ಪು ‘ಸಿ’ ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಿತು. ‘ಬಿ’ ವರ್ಗದವರು ಅಕ್ರಮ ಗುಂಡಿಯ ಹೆಕ್ಟೇರಿಗೆ 5 ಕೋಟಿ ರೂಪಾಯಿ ಕಟ್ಟಿ, ನೆಲದ ಪುನಶ್ಚೇತನ ಯೋಜನೆಗೆ ಒಪ್ಪಬೇಕಾಯಿತು. ಜಿಲ್ಲೆಗಳ ಒಟ್ಟು ಉತ್ಪಾದನೆಗೆ ಮಿತಿ ಬಂತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರಿಗೆ ಸೇರಿ 50 ಲಕ್ಷ ಟನ್. ಈ ಮಿತಿಗಳು ಆಮೇಲೆ ಹಂತಹಂತವಾಗಿ ಏರಿವೆ.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಮಾರಾಟದ ಕ್ರಮ. ಕೋರ್ಟು ನೇಮಿಸಿದ ಉಸ್ತುವಾರಿ ಸಮಿತಿ ಅದಿರನ್ನು ತೂಗಿಸಿ, ಮಾದರಿ ಪರೀಕ್ಷೆ ಮಾಡಿಸಿ, ಇ-ಹರಾಜಿನಲ್ಲಿ ಮಾರುತ್ತಿತ್ತು. ಗಣಿ ಮಾಲೀಕನಿಗೂ ಕೊಳ್ಳುವವನಿಗೂ ಪರ್ಮಿಟ್ಟು ಕೊಡುವವನಿಗೂ ಮುಖಾಮುಖಿ ವ್ಯವಹಾರ ಬಹುಮಟ್ಟಿಗೆ ಇಲ್ಲವಾಯಿತು. ಮುಖಾಮುಖಿ ತಪ್ಪಿದಲ್ಲಿ ಲಂಚದ ಮಾತು ಎತ್ತುವುದೇ ಕಷ್ಟ. ಹತ್ತು ವರ್ಷಕ್ಕೂ ಹೆಚ್ಚು ನಡೆದ ಈ ಕಡ್ಡಾಯ ಹರಾಜನ್ನು 2022ರ ಮೇ 20ರಂದು ಕೋರ್ಟು ಸಡಿಲಿಸಿತು, ರಫ್ತಿಗೂ ಅವಕಾಶ ಕೊಟ್ಟಿತು. ಹರಾಜಿನ ಹಣದ ಒಂದು ಪಾಲಿನಿಂದ ಬೆಳೆದ ನಿಧಿಯಿಂದ ಬಾಧಿತ ಜಿಲ್ಲೆಗಳಲ್ಲಿ ಸುಮಾರು 25,000 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಈ ನಿಧಿಯ ಖರ್ಚೂ ಟೆಂಡರು, ಬಿಲ್ಲು, ಸಹಿಗಳ ಮೂಲಕವೇ ಆಗುವುದರಿಂದ ಅದನ್ನೂ ಗಣಿಯಷ್ಟೇ ಎಚ್ಚರದಿಂದ ಕಾಯಬೇಕು.

2011ರ ಗಣಿಗಾರಿಕೆ ನಿಷೇಧಕ್ಕೆ ಬೆಲೆ ತೆತ್ತವರಲ್ಲಿ ತಪ್ಪು ಮಾಡದವರೇ ಬಹಳ. ಗಣಿ ಕೂಲಿಕಾರರು ಕೆಲಸ ಕಳೆದುಕೊಂಡರು, ಸಾಲ ಮಾಡಿ ಕೊಂಡ ಸಾವಿರಾರು ಲಾರಿಗಳು ರಸ್ತೆ ಬದಿಗೆ ನಿಂತವು. ಭ್ರಷ್ಟಾಚಾರದ ಅಪಾಯವನ್ನು ಕಂಪನಿಯ ಲಾಭನಷ್ಟದ ಬಾಬತ್ತೆಂದು ಮಾತ್ರ ಬರೆಯುವ ಕೈಪಿಡಿಗಳು ಇವರನ್ನು ಮರೆಯುತ್ತವೆ.

ನೆರೆ ರಾಜ್ಯಗಳಲ್ಲೂ ಇದೇ ವರ್ಷಗಳಲ್ಲಿ ಲೆಕ್ಕ ಕೇಳಲಾಯಿತು. ಗೋವಾದ ಅದಿರಿನ ಬಗ್ಗೆ ನ್ಯಾಯಮೂರ್ತಿ ಎಂ.ಬಿ. ಷಾ ಆಯೋಗ 2012ರಲ್ಲಿ ವರದಿ ಮಾಡಿತು. ತಮಿಳುನಾಡಿನ ಮದುರೆ ಗ್ರಾನೈಟ್ ಹಗರಣವನ್ನು ಜಿಲ್ಲಾಧಿಕಾರಿಯಾಗಿ ಬಯಲಿಗೆಳೆದ ಯು. ಸಗಾಯಂ, ಮದ್ರಾಸ್ ಹೈಕೋರ್ಟಿನ ನೇಮಕದಂತೆ 2015ರಲ್ಲಿ ಕೊಟ್ಟ ವರದಿಯಲ್ಲಿ ನಷ್ಟವನ್ನು ಒಂದು ಲಕ್ಷ ಕೋಟಿ ರೂಪಾಯಿಗೂ ಮೇಲೆಂದು ಅಂದಾಜು ಮಾಡಿದರು. 2014ರಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದು ಮಾಡಿತು. ಮರುವರ್ಷ 1957ರ ಗಣಿ ಮತ್ತು ಖನಿಜ ಕಾಯಿದೆಗೆ ತಿದ್ದುಪಡಿ ತಂದು, ಪ್ರಮುಖ ಖನಿಜಗಳ ಗುತ್ತಿಗೆಯನ್ನು ಹರಾಜಿನಲ್ಲೇ ಕೊಡಬೇಕೆಂದು ಮಾಡಲಾಯಿತು.

ಕಾನೂನಿನ ಹೊಣೆ

1988ರ ಭ್ರಷ್ಟಾಚಾರ ತಡೆ ಕಾಯಿದೆಯ ಗಮನ ಮುಖ್ಯವಾಗಿ ಲಂಚ ತೆಗೆದುಕೊಂಡ ಅಧಿಕಾರಿಯ ಮೇಲಿತ್ತು. 2018ರ ಜುಲೈ 26ರಿಂದ ಜಾರಿಗೆ ಬಂದ ತಿದ್ದುಪಡಿ ಕೊಟ್ಟವನನ್ನೂ ನೇರವಾಗಿ ಹಿಡಿಯಿತು. ಒತ್ತಾಯಕ್ಕೆ ಕೊಟ್ಟವನು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ವಿನಾಯಿತಿ. ಒಂಬತ್ತನೆಯ ಕಲಮಿನ ಪ್ರಕಾರ ಕಂಪನಿಗೆ ಸಂಬಂಧಪಟ್ಟ ಯಾರೇ ಕೊಟ್ಟರೂ ಕಂಪನಿಗೆ ದಂಡ. ನೌಕರನಷ್ಟೇ ಅಲ್ಲ, ಕಂಪನಿಯ ಪರವಾಗಿ ಸೇವೆ ಮಾಡುವ ಏಜೆಂಟನೂ ಇದರಲ್ಲಿ ಬರುತ್ತಾನೆ. ಅಪರಾಧಕ್ಕೆ ನಿರ್ದೇಶಕರ ಸಮ್ಮತಿ ಅಥವಾ ಕುಮ್ಮಕ್ಕು ಇದ್ದರೆ ಹತ್ತನೆಯ ಕಲಮು ಅವರಿಗೆ ಮೂರರಿಂದ ಏಳು ವರ್ಷದ ಸೆರೆ ವಿಧಿಸುತ್ತದೆ. ತಡೆಗೆ ತಕ್ಕ ಕ್ರಮಗಳು ನಿಜವಾಗಿ ಇದ್ದವೆಂದು ತೋರಿಸುವುದು ಕಂಪನಿಗೆ ಉಳಿದಿರುವ ಸಮರ್ಥನೆ. ಬ್ರಿಟನ್ನಿನ 2010ರ ಲಂಚ ಕಾಯಿದೆಯ ಏಳನೆಯ ಕಲಮಿನಲ್ಲೂ ಇದೇ ವಿಚಾರವಿದೆ. ಅಮೆರಿಕದ 1977ರ ವಿದೇಶಿ ಭ್ರಷ್ಟ ಆಚರಣೆಗಳ ಕಾಯಿದೆ, ಆಗಬೇಕಾದ ಮಾಮೂಲಿ ಕೆಲಸವನ್ನು ಬೇಗ ಮಾಡಿಸಿಕೊಳ್ಳಲು ಕೊಡುವ ಚಿಲ್ಲರೆ ಹಣಕ್ಕೆ ವಿನಾಯಿತಿ ಕೊಡುತ್ತದೆ. ನಮ್ಮ ಕಾನೂನು ಕೊಡುವುದಿಲ್ಲ. ಚೆಕ್‌ಪೋಸ್ಟಿನ ಮಾಮೂಲು ಎಷ್ಟೇ ಸಣ್ಣದಾದರೂ ಇಲ್ಲಿ ಅಪರಾಧ.

ಕಂಪನಿಯೊಳಗಿನ ಕೆಲಸ

ಲಂಚ ವಿರೋಧಿ ವ್ಯವಸ್ಥೆಗೆ 2016ರಲ್ಲಿ ಐಎಸ್‌ಒ 37001 ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂತು. ಅದು ಹೇಳುವ ಅಪಾಯ ಪಟ್ಟಿ, ತರಬೇತಿ, ಆಂತರಿಕ ಪರಿಶೋಧನೆ ಎಲ್ಲವೂ ಬೇಕಾದವೇ. ಆದರೆ ಎಲ್ಲ ಉದ್ಯಮಗಳಿಗೂ ಹೊಂದುವಂತೆ ಬರೆದ ಮಾನದಂಡದಲ್ಲಿ ಸಂಪನ್ಮೂಲ ಕಂಪನಿಗೆ ಅತ್ಯಗತ್ಯವಾದ ಒಂದು ಸಂಗತಿ ಹಿಂದೆ ಬೀಳುತ್ತದೆ: ಸರಕಿನ ಲೆಕ್ಕ.

ಹಣದ ಪುಸ್ತಕವನ್ನು ತಿದ್ದಬಹುದು, ಗುಡ್ಡವನ್ನು ತಿದ್ದುವುದು ಕಷ್ಟ. ಗುಂಡಿಯ ಗಾತ್ರವನ್ನು ಅಳೆದು ಅದಿರಿನ ಸಾಂದ್ರತೆಯಿಂದ ಗುಣಿಸಿದರೆ ಎಷ್ಟು ಟನ್ ಹೊರಬಂದಿದೆಯೆಂದು ತಿಳಿಯುತ್ತದೆ. ಅದರಲ್ಲಿ ಕಸಮಣ್ಣಿನ ರಾಶಿ, ದಾಸ್ತಾನು ಕಳೆದರೆ ಉಳಿಯುವುದು ಸಾಗಿಸಿದ ಅದಿರು. ಅದು ವೇಬ್ರಿಡ್ಜಿನ ಮೊತ್ತಕ್ಕೆ, ಪರ್ಮಿಟ್ಟಿನ ಮೊತ್ತಕ್ಕೆ, ರೈಲ್ವೆ ರಸೀದಿಗೆ, ಹಡಗಿನ ದಾಖಲೆಗೆ ಹೊಂದಬೇಕು. ಯಂತ್ರಗಳು ಕುಡಿದ ಡೀಸೆಲ್ ಕೂಡ ಒಂದು ಸಾಕ್ಷಿ. ಯು.ವಿ. ಸಿಂಗ್ ತಂಡ ವರ್ಷಗಳ ನಂತರ ಹೊರಗಿನಿಂದ ಮಾಡಿದ ತಾಳೆಯನ್ನು ಕಂಪನಿ ತಿಂಗಳು ತಿಂಗಳು ಒಳಗಿನಿಂದಲೇ ಮಾಡಿಕೊಳ್ಳಬಹುದು. ಈಗ ಸಾಧನಗಳಿಗೂ ಕೊರತೆಯಿಲ್ಲ. ಭಾರತೀಯ ಗಣಿ ಬ್ಯೂರೊ 2016ರಿಂದ ಗುತ್ತಿಗೆಯ ಸುತ್ತಲಿನ 500 ಮೀಟರ್ ಪ್ರದೇಶವನ್ನು ಉಪಗ್ರಹ ಚಿತ್ರಗಳಿಂದ ಗಮನಿಸುತ್ತದೆ. 2021ರಿಂದ ದೊಡ್ಡ ಗಣಿಗಳಿಗೆ ಪ್ರತಿವರ್ಷ ಡ್ರೋನ್ ಸಮೀಕ್ಷೆ ಕಡ್ಡಾಯ. ಕರ್ನಾಟಕದಲ್ಲಿ ಪರ್ಮಿಟ್ಟುಗಳು ಆನ್‌ಲೈನ್ ವ್ಯವಸ್ಥೆಗೆ ಬಂದಿವೆ. ತಾಳೆ ತಪ್ಪಿದ ಟನ್ನುಗಳ ವರದಿ ಗಣಿ ಮ್ಯಾನೇಜರನ ಕೈ ದಾಟಿ ನೇರವಾಗಿ ನಿರ್ದೇಶಕ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಗೆ ಹೋಗಬೇಕು. ಮ್ಯಾನೇಜರನ ಬೋನಸ್ಸು ಟನ್ನಿನ ಗುರಿಗೆ ಮಾತ್ರ ಕಟ್ಟಿದ್ದರೆ ಅವನೇ ಲಂಚಕ್ಕೆ ಮೊದಲ ಒತ್ತಾಸೆಯಾಗುತ್ತಾನೆ.

ಸರಕಿನ ಲೆಕ್ಕದ ನಂತರ ಗಮನಿಸಬೇಕಾದದ್ದು ಮಧ್ಯವರ್ತಿಯನ್ನು. ಅದಿರು ಎತ್ತುವ ಗುತ್ತಿಗೆದಾರ, ಲಾರಿ ಏಜೆಂಟ್, ಕಸ್ಟಮ್ಸ್ ಏಜೆಂಟ್, ಅನುಮತಿ ತಂದುಕೊಡುವ ಸಲಹೆಗಾರ, ಇವರ ಹಿಂದಿನ ನಿಜವಾದ ಮಾಲೀಕ ಯಾರೆಂದು ಕೇಳದೆ ಒಪ್ಪಂದ ಮಾಡಬಾರದು. ನಿಜವಾದ ಹಿತಾಸಕ್ತಿದಾರರನ್ನು ಕಂಪನಿಗಳು ಘೋಷಿಸಬೇಕೆಂಬ ನಿಯಮ 2018ರಲ್ಲಿ ಬಂದಿದೆ. ಅನುಮತಿ ಸಿಕ್ಕರೆ ಮಾತ್ರ ಇಷ್ಟು ಶೇಕಡಾ ಎಂಬ ಶುಲ್ಕ, ಮೂರನೆಯವರ ಖಾತೆಗೆ ಪಾವತಿ ಕೇಳುವುದು, ಮಾಡಿದ ಕೆಲಸದ ವಿವರವಿಲ್ಲದ ಬಿಲ್ಲು, ಇವು ಕಂಡಲ್ಲಿ ಪಾವತಿ ನಿಲ್ಲಿಸುವ ಅಧಿಕಾರ ಲೆಕ್ಕಪತ್ರ ವಿಭಾಗದ ಕಿರಿಯ ನೌಕರನಿಗೂ ಇರಬೇಕು. ಕೆಟ್ಟ ಕೆಲಸವನ್ನು ಗುತ್ತಿಗೆದಾರನಿಗೆ ಹೊರಿಸಿ ತನ್ನ ಕೈ ತೊಳೆದುಕೊಳ್ಳುವ ಕಂಪನಿ ಅಪಾಯವನ್ನು ನಿರ್ವಹಿಸಿಲ್ಲ, ಬಚ್ಚಿಟ್ಟಿದೆ.

ದೇಣಿಗೆ ಸೂಕ್ಷ್ಮವಾದ ಜಾಗ. ಗಣಿ ಕಂಪನಿಗೆ ಸಂಬಂಧಿಸಿದ ಸಂಸ್ಥೆಯೊಂದು ಯಡಿಯೂರಪ್ಪ ಕುಟುಂಬದ ಪ್ರೇರಣಾ ಟ್ರಸ್ಟಿಗೆ ಕೊಟ್ಟ 10 ಕೋಟಿ ರೂಪಾಯಿ ದೇಣಿಗೆಯನ್ನು ಲೋಕಾಯುಕ್ತ ವರದಿ ಪ್ರಶ್ನಿಸಿತು, ಸಿಬಿಐ ಮೊಕದ್ದಮೆ ಹೂಡಿತು. 2016ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು. ಖುಲಾಸೆಯಾದ ಪ್ರಕರಣವೂ ಒಂದು ಕಂಪನಿಯನ್ನು ಐದು ವರ್ಷ ಕಟಕಟೆಯಲ್ಲಿ ನಿಲ್ಲಿಸಬಲ್ಲದು. ಆದ್ದರಿಂದ ಅರ್ಜಿ ಕೈಯಲ್ಲಿರುವ ಹೊತ್ತಿನಲ್ಲಿ ತೀರ್ಮಾನಿಸುವವರ ಬಂಧುಬಳಗದ ಸಂಸ್ಥೆಗೆ ಶಾಲೆಯ ಹೆಸರಿನಲ್ಲೂ ಹಣ ಕೊಡದಿರುವುದೇ ವಿವೇಕ. ಪಕ್ಷಗಳಿಗೆ ಗುಟ್ಟಾಗಿ ಕೊಡುವ ದಾರಿಯನ್ನು 2024ರ ಫೆಬ್ರುವರಿ 15ರ ಚುನಾವಣಾ ಬಾಂಡ್ ತೀರ್ಪು ಮುಚ್ಚಿತು. ಕಂಪನಿ ದೇಣಿಗೆಗಿದ್ದ ಮಿತಿಯನ್ನು ತೆಗೆದುಹಾಕಿದ್ದ ತಿದ್ದುಪಡಿಯನ್ನೂ ರದ್ದು ಮಾಡಿತು. 2003ರಿಂದ ನಡೆದಿರುವ ಗಣಿ-ತೈಲ ಪಾರದರ್ಶಕತೆಯ ಅಂತಾರಾಷ್ಟ್ರೀಯ ಒಕ್ಕೂಟದಲ್ಲಿ ಕಂಪನಿಗಳು ಕೊಟ್ಟದ್ದನ್ನೂ ಸರ್ಕಾರ ಪಡೆದದ್ದನ್ನೂ ಬೇರೆಬೇರೆಯಾಗಿ ಪ್ರಕಟಿಸಿ ತಾಳೆ ನೋಡಲಾಗುತ್ತದೆ. ಭಾರತ ಇನ್ನೂ ಅದರ ಸದಸ್ಯನಾಗಿಲ್ಲ.

ಬಾಯಿ ಬಿಡುವವರ ರಕ್ಷಣೆ

ಬಳ್ಳಾರಿಯ ಸತ್ಯ ಹೊರಬಂದದ್ದು ಕೆಲವು ಅಧಿಕಾರಿಗಳು, ಹೋರಾಟಗಾರರು, ಪತ್ರಕರ್ತರಿಂದ. ಕಂಪನಿಗಳ ಒಳಗಿನ ದೂರುಪೆಟ್ಟಿಗೆಗಳಿಂದಲ್ಲ. ಕಾವಲು ಸಂಸ್ಥೆಗಳೂ ಶಾಶ್ವತವಲ್ಲವೆಂದು ಕರ್ನಾಟಕ ಕಂಡಿದೆ. ಲೋಕಾಯುಕ್ತದೊಳಗೇ ಸುಲಿಗೆಯ ಆರೋಪ ಎದ್ದು 2015ರಲ್ಲಿ ಅಂದಿನ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಅದರ ಪೊಲೀಸ್ ಅಧಿಕಾರವನ್ನು ಕಿತ್ತು ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕಟ್ಟಲಾಯಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

2013ರ ಕಂಪನಿ ಕಾಯಿದೆ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ದೂರು ವ್ಯವಸ್ಥೆಯನ್ನು ಕಡ್ಡಾಯ ಮಾಡಿದೆ. ಬಹುಪಾಲು ಗಣಿ ಗುತ್ತಿಗೆದಾರರು, ಲಾರಿ ಸಂಸ್ಥೆಗಳು, ಎಲೆ ಏಜೆಂಟರು ಆ ವ್ಯಾಪ್ತಿಗೇ ಬರುವುದಿಲ್ಲ. ಅಲ್ಲಿ ದುಡಿಯುವ ತೂಕದ ಗುಮಾಸ್ತ, ಚಾಲಕ, ಎಲೆ ಅಳೆಯುವ ನೌಕರ ಎಲ್ಲರಿಗಿಂತ ಮೊದಲು ಮೋಸವನ್ನು ಕಾಣುತ್ತಾರೆ. ದೊಡ್ಡ ಕಂಪನಿ ತನ್ನ ದೂರವಾಣಿ ಸಂಖ್ಯೆಯನ್ನು ಅವರಿಗೂ ಕೊಟ್ಟು, ಅವರ ಭಾಷೆಯಲ್ಲಿ ಉತ್ತರಿಸಿ, ದೂರು ಕೊಟ್ಟವನ ಕೆಲಸ ಉಳಿಸುವ ಷರತ್ತನ್ನು ಗುತ್ತಿಗೆಯ ಕರಾರಿನಲ್ಲೇ ಬರೆಸಬೇಕು. ಸರ್ಕಾರದ ಭ್ರಷ್ಟಾಚಾರವನ್ನು ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು ಅಂಗೀಕರಿಸಿದ ಕಾಯಿದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಆದರೆ ಅದನ್ನು ಜಾರಿಗೆ ತರುವ ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಇನ್ನೂ ಹೊರಡಿಸಿಲ್ಲ. ಹೊರಡಿಸಲೇಬೇಕು.